ಸುಮ್ಮನೆ ಕೂರಲು ಬರುತ್ತದೆಯೇ?

(ಮಹಿಳಾ ವಿಭಾಗದ ಅರಸಿನ ಕುಂಕುಮ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ನನ್ನನ್ನು ಮಾತಿಗೆ ಕರೆದಾಗ ಕಾರ್ಯದರ್ಶಿಯವರು, "ನೀವು ಎಂ.ಟೆಕ್. ಮಾಡಿದವರು, ಐಟಿಯಲ್ಲಿದ್ದೀರಿ, ಸೈಬರ್ ಸುರಕ್ಷೆಯ ಬಗ್ಗೆ ಮಾತಾಡಿ" ಎಂದಿದ್ದರು. ಒಟಿಪಿ ಯಾರಿಗೂ ಹೇಳಬೇಡಿ ಎನ್ನುವುದನ್ನು ಈಗ ನಿಮ್ಮ ಮೊಬೈಲೇ ದಿನಕ್ಕೆ ನಾಲ್ಕು ಸಲ ಹೇಳುತ್ತದೆ. ಅದಕ್ಕೆ ನಾನ್ಯಾಕೆ? ಹಾಗಾಗಿ ಇವತ್ತು ಕಳೆದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ ಹೇಳುತ್ತೇನೆ. ಅದೂ ಒಂದು ರೀತಿಯಲ್ಲಿ ಸುರಕ್ಷೆಯದೇ ವಿಷಯ ಎಂದು ಕೊನೆಗೆ ನಿಮಗೇ ಗೊತ್ತಾಗುತ್ತದೆ.

ನನ್ನ ಅಕ್ಕ ನ್ಯೂಜೆರ್ಸಿಯಲ್ಲಿದ್ದಾಳೆ. ಅವಳ ಮಗಳಿಗೆ ಹತ್ತೊಂಬತ್ತು ವರ್ಷ, ಕಾಲೇಜಿನಲ್ಲಿ ಎರಡನೇ ವರ್ಷ ಮುಗಿಸಿದ್ದಳು. ಡಾಕ್ಟರಾಗಬೇಕು ಎಂಬ ಆಸೆ. ನಮ್ಮಲ್ಲಿ ಹನ್ನೆರಡನೇ ತರಗತಿ ಮುಗಿದ ಕೂಡಲೇ ನೀಟ್ ಬರೆಯುತ್ತಾರೆ. 180 ಪ್ರಶ್ನೆ, 720 ಅಂಕ. ಅಂಕ ಬಂದರೆ ಸೀಟು, ಇಲ್ಲದಿದ್ದರೆ ಇನ್ನೊಂದು ವರ್ಷ ಕೋಚಿಂಗ್. ನೀನು ಯಾಕೆ ಡಾಕ್ಟರಾಗುತ್ತೀ ಎಂದು ಯಾರೂ ಕೇಳುವುದಿಲ್ಲ. ಅಮೆರಿಕದಲ್ಲಿ ಕ್ರಮ ಬೇರೆ. ಮೊದಲು ನಾಲ್ಕು ವರ್ಷದ ಪದವಿ, ಎಂಕ್ಯಾಟ್ ಪರೀಕ್ಷೆ, ಆಮೇಲೆ ಅರ್ಜಿ, ಸಂದರ್ಶನ. ಆ ಅರ್ಜಿಯಲ್ಲಿ ಅವರು ನೋಡುವ ಒಂದು ಮುಖ್ಯ ಸಂಗತಿ, ಈ ಹುಡುಗ ಅಥವಾ ಹುಡುಗಿ ಡಾಕ್ಟರ ಕೆಲಸವನ್ನು ಹತ್ತಿರದಿಂದ ನೋಡಿದ್ದಾರೆಯೇ ಎಂಬುದು. ಅದಕ್ಕೆ ಅವರು ಶ್ಯಾಡೋಯಿಂಗ್ ಎನ್ನುತ್ತಾರೆ. ಡಾಕ್ಟರ ನೆರಳಾಗಿ ಕೂತು ನೋಡುವುದು. ಮುಟ್ಟುವಂತಿಲ್ಲ, ಮದ್ದು ಹೇಳುವಂತಿಲ್ಲ. ನೋಡುವುದು ಮಾತ್ರ.

ಕೇಳಲು ಸುಲಭ. ಆದರೆ ಕೂರಿಸಿಕೊಳ್ಳುವ ಡಾಕ್ಟರು ಸಿಗಬೇಕಲ್ಲ! ಅಪ್ಪ ಅಮ್ಮ ಡಾಕ್ಟರಾಗಿರುವ ಮಕ್ಕಳಿಗೆ ಒಂದು ಫೋನಿನಲ್ಲಿ ಕೆಲಸ ಆಗುತ್ತದೆ. ನಮ್ಮ ಭಾವ ಅಕೌಂಟ್ಸಿನವರು, ಅಕ್ಕ ಶಾಲೆಯ ಗ್ರಂಥಾಲಯದಲ್ಲಿದ್ದಾಳೆ. ಹುಡುಗಿ ಅಲ್ಲಿನ ಕ್ಲಿನಿಕ್ಕುಗಳಿಗೆ ಬರೆದಳು, ಫೋನ್ ಮಾಡಿದಳು, ಖುದ್ದಾಗಿ ಹೋದಳು. ಕೆಲವರು ಮೌನ, ಕೆಲವರು "ರೋಗಿಗಳ ಗುಟ್ಟಿನ ಕಾನೂನು ಇದೆ, ಆಗುವುದಿಲ್ಲ" ಎಂದರು. 1996ರ ಹಿಪಾ ಎಂಬ ಕಾನೂನು ಅದು. ಒಪ್ಪಿಗೆ ಪಡೆದು ಕೂರಿಸಿಕೊಳ್ಳಲು ಆ ಕಾನೂನು ಅಡ್ಡ ಬರುವುದಿಲ್ಲ. ಆದರೆ ಅಷ್ಟೆಲ್ಲ ತಲೆನೋವು ಯಾಕೆ ಎಂದು ಬೇಡ ಎನ್ನುವವರೇ ಹೆಚ್ಚು. ಹುಡುಗಿ ಅಳುತ್ತಾ ನನಗೆ ವಿಡಿಯೋ ಕಾಲ್ ಮಾಡಿದಳು. ನಾನು ಚಿಕ್ಕಮ್ಮನ ಗತ್ತಿನಲ್ಲಿ, "ಅಷ್ಟೇ ತಾನೆ? ರಜೆಗೆ ಕಳವಾಕ್ಕೆ ಬಾ. ಇಲ್ಲಿ ನಮ್ಮ ಬೀದಿಯಲ್ಲೇ ಆರು ಡಾಕ್ಟರಿದ್ದಾರೆ" ಎಂದುಬಿಟ್ಟೆ.

ಜೂನ್ ಮೊದಲ ವಾರ ಬಂದಳು. ನಾನು ಐಟಿಯವಳಲ್ಲವೇ, ಕೆಲಸ ಶುರುವಾದದ್ದು ಎಕ್ಸೆಲ್ ಶೀಟಿನಿಂದ. ಠಾಣೆ, ಕಳವಾ, ಐರೋಳಿ, ಡೊಂಬಿವಲಿ, 31 ಡಾಕ್ಟರರ ಹೆಸರು, ಅವರ ಡಿಗ್ರಿ, ಇಮೇಲ್, ಒಂದು ಕಾಲಮ್ಮಿನಲ್ಲಿ ಸ್ಟೇಟಸ್. ಎಲ್ಲರಿಗೂ ಚೆಂದದ ಇಂಗ್ಲಿಷಿನಲ್ಲಿ ಇಮೇಲ್. ಹತ್ತು ದಿನದಲ್ಲಿ ಬಂದ ಉತ್ತರ ಎರಡು. ಒಂದು, "ಅಪಾಯಿಂಟ್‌ಮೆಂಟಿಗೆ ಈ ನಂಬರಿಗೆ ಕರೆ ಮಾಡಿ." ಇನ್ನೊಂದು, "ನಮ್ಮಲ್ಲಿ ಈಗ ಕೆಲಸ ಖಾಲಿ ಇಲ್ಲ." ಎರಡು ದೊಡ್ಡ ಆಸ್ಪತ್ರೆಗಳಿಗೆ ಹೋಗಿ ವಿಚಾರಿಸಿದೆವು. ಅವರು ಸೌಜನ್ಯದಿಂದಲೇ, ಇವಳು ನಮ್ಮ ವಿದ್ಯಾರ್ಥಿನಿಯಲ್ಲ, ಯಾವ ಲೆಕ್ಕದಲ್ಲಿ ಒಳಗೆ ಬಿಡುವುದು ಎಂದು ಕೇಳಿದರು. ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ. ಇಂಟರ್ನೆಟ್ಟಿನಲ್ಲಿ ಇನ್ನೊಂದು ದಾರಿ ಕಂಡಿತು. ಇಷ್ಟು ದುಡ್ಡು ಕೊಡಿ, ಇಂಡಿಯಾದ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಲೂ ಬಿಡುತ್ತೇವೆ ಎಂಬ ಜಾಹೀರಾತು. ಹುಡುಗಿಯೇ ಬೇಡ ಎಂದಳು. "ಅಲ್ಲಿ ಮಾಡಲು ಬಿಡದ ಕೆಲಸವನ್ನು ಇಲ್ಲಿ ಬಡವರ ಮೈಮೇಲೆ ಮಾಡಿದರೆ ಅದು ಕಲಿಯುವುದಲ್ಲ ಚಿಕ್ಕಮ್ಮ. ಅರ್ಜಿಯಲ್ಲಿ ಬರೆದರೆ ಅಲ್ಲಿನವರೂ ಮೆಚ್ಚುವುದಿಲ್ಲ" ಎಂದಳು. ಆ ಮಾತು ಕೇಳಿ ನನಗೆ ಇವಳ ಮೇಲೆ ಭರವಸೆ ಬಂತು.

ದಾರಿ ತೋರಿಸಿದ್ದು ನಮ್ಮ ಮನೆಗೆಲಸಕ್ಕೆ ಬರುವ ಮೌಶಿ. ಪಾತ್ರೆ ತೊಳೆಯುತ್ತಾ ನಮ್ಮ ಮಾತು ಕೇಳಿಸಿಕೊಂಡಿದ್ದರು. "ನಮ್ಮ ಡಾಕ್ಟರ್ ಮೇಡಂ ಹತ್ತಿರ ಹೋಗಿ. ಆದರೆ ಬೆಳಿಗ್ಗೆ ಹೋಗಬೇಡಿ, ಒಂದೂವರೆಗೆ ಹೋಗಿ. ಆಗ ಡಬ್ಬಿ ಬಿಚ್ಚಿ ಕೂತಿರುತ್ತಾರೆ, ಹೊಟ್ಟೆಗೆ ಬಿದ್ದ ಮೇಲೆ ಯಾವುದಕ್ಕೂ ಇಲ್ಲ ಅನ್ನುವುದಿಲ್ಲ" ಎಂದರು. ನನ್ನ 31 ಸಾಲಿನ ಶೀಟಿನಲ್ಲಿ ಇಲ್ಲದ ಮಾಹಿತಿ ಇದು! ಆ ಡಾಕ್ಟರರಿಗೆ ಇಮೇಲೇ ಇರಲಿಲ್ಲ, ನನ್ನ ಶೀಟಿಗೆ ಅವರು ಬರುವುದಾದರೂ ಹೇಗೆ?

ಹೋದೆವು. ಹಳೆಯ ಕಟ್ಟಡದ ನೆಲಮಾಳಿಗೆ, ಎರಡು ಕೋಣೆ. ಹೊರಗೆ ಬೆಂಚು, ಒಳಗೆ ಮೇಜು, ಪರದೆಯ ಹಿಂದೆ ಒಂದು ಮಂಚ. ಅರವತ್ತು ದಾಟಿದ ಎಂಬಿಬಿಎಸ್ ಡಾಕ್ಟರು, ಮರಾಠಿಯವರು. ಅವರ ಹೆಸರು ಹೇಳುವುದಿಲ್ಲ, ಹೇಳಬಾರದು ಎಂದು ಅವರೇ ಹೇಳಿದ್ದಾರೆ. ನಾನು ಇಂಗ್ಲಿಷಿನಲ್ಲಿ ಭಾಷಣ ಶುರು ಮಾಡಿದೆ. ಅವರು ಕೈಯೆತ್ತಿ ನನ್ನನ್ನು ನಿಲ್ಲಿಸಿ ಹುಡುಗಿಯ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದರು. "ನಿನಗೆ ಸುಮ್ಮನೆ ಕೂರಲು ಬರುತ್ತದೆಯೇ?"

ಹುಡುಗಿ, "ಪ್ರಯತ್ನ ಮಾಡುತ್ತೇನೆ" ಎಂದಳು.

ಮೂರು ಷರತ್ತು ಹಾಕಿದರು. ಒಂದು, ಪ್ರತಿ ರೋಗಿಯನ್ನೂ ಅವರು ಮೊದಲು ಕೇಳುತ್ತಾರೆ. ಬೇಡ ಎಂದರೆ ಮುಖ ಸಣ್ಣ ಮಾಡಿಕೊಳ್ಳದೆ ಹೊರಗಿನ ಬೆಂಚಿಗೆ ಹೋಗಬೇಕು. ಎರಡು, ಮೊಬೈಲ್ ಮೇಜಿನ ಖಾನೆಯಲ್ಲಿ. ಮೂರು, ಈ ಬಾಗಿಲಿನ ಒಳಗೆ ಕೇಳಿದ್ದು ಈ ಬಾಗಿಲಿನ ಒಳಗೇ ಇರಬೇಕು. ಅವಳ ಕಾಲೇಜಿನ ಪತ್ರ, ಹೆಪಟೈಟಿಸ್ ಬಿ ಲಸಿಕೆಯ ಕಾಗದ ನೋಡಿದರು. ಸೋಮವಾರದಿಂದ ಬಾ ಎಂದರು. ಎಲ್ಲ ಮುಗಿಯಲು ಎಂಟು ನಿಮಿಷ.

ಇಲ್ಲಿ ಸ್ವಲ್ಪ ನಿಂತು, ನಿಮಗೆಲ್ಲ ಗೊತ್ತಿರುವ ಒಬ್ಬ ಹೆಣ್ಣುಮಗಳನ್ನು ನೆನಪು ಮಾಡುತ್ತೇನೆ. ಕಳವಾದಿಂದ ಸ್ಲೋ ಲೋಕಲ್ ಹಿಡಿದರೆ ಮುಂಬ್ರಾ, ದಿವಾ, ಕೋಪರ್, ಡೊಂಬಿವಲಿ, ಠಾಕುರ್ಲಿ, ಆಮೇಲೆ ಕಲ್ಯಾಣ. ಆನಂದಿಬಾಯಿ ಜೋಶಿ ಆ ಕಲ್ಯಾಣದ ಮನೆತನದವರು. 1865ರಲ್ಲಿ ಹುಟ್ಟಿದರು, ಒಂಬತ್ತನೇ ವಯಸ್ಸಿಗೆ ಮದುವೆ. ಹದಿನಾಲ್ಕನೇ ವಯಸ್ಸಿಗೆ ಹೆತ್ತ ಗಂಡು ಮಗು ಹತ್ತೇ ದಿನಕ್ಕೆ ತೀರಿಕೊಂಡಿತು. ಹೆಂಗಸರನ್ನು ನೋಡುವ ಹೆಂಗಸು ಡಾಕ್ಟರು ಇರಬೇಕು ಎಂಬ ಹಟ ಅವರಲ್ಲಿ ಬೇರೂರಿದ್ದು ಆ ದುಃಖದಿಂದ. ಅವರ ಗಂಡ ಗೋಪಾಲರಾಯರು ಅಂಚೆ ಇಲಾಖೆಯಲ್ಲಿದ್ದವರು. ಹೆಂಡತಿಯನ್ನು ಓದಿಸಲು ದಾರಿ ಕೇಳಿ ಒಬ್ಬ ಅಮೆರಿಕನ್ ಪಾದ್ರಿಗೆ ಪತ್ರ ಬರೆದರು. ಆ ಪತ್ರವನ್ನು ಅಲ್ಲಿನ ಒಂದು ಪತ್ರಿಕೆಯಲ್ಲಿ ಅಚ್ಚು ಹಾಕಿದರು. ನ್ಯೂಜೆರ್ಸಿಯ ರೊಸೆಲ್ ಊರಿನ ಥಿಯೊಡಿಷಿಯಾ ಕಾರ್ಪೆಂಟರ್ ಎಂಬ ಮಹಿಳೆ ಹಲ್ಲಿನ ಡಾಕ್ಟರ ಹತ್ತಿರ ತಮ್ಮ ಸರದಿಗೆ ಕಾಯುತ್ತಾ ಅದನ್ನು ಓದಿದರು. ಗುರುತಿಲ್ಲ ಪರಿಚಯವಿಲ್ಲ, ಮನಸ್ಸು ಕರಗಿ ಪತ್ರ ಬರೆದರು. 1883ರಲ್ಲಿ ಆನಂದಿಬಾಯಿ ಗಂಡನನ್ನು ಬಿಟ್ಟು ಹಡಗು ಹತ್ತಿದಾಗ ಆಸರೆ ಕೊಟ್ಟದ್ದು ಆ ಮನೆ. 1886ರ ಮಾರ್ಚ್‌ನಲ್ಲಿ ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಎಂ.ಡಿ. ಪಡೆದರು. ಕೊಲ್ಹಾಪುರದ ಆಸ್ಪತ್ರೆಯಲ್ಲಿ ಹೆಂಗಸರ ವಾರ್ಡಿನ ಹೊಣೆ ಅವರಿಗಾಗಿ ಕಾದಿತ್ತು. ಆದರೆ ಕ್ಷಯ ಬಿಡಲಿಲ್ಲ. 1887ರ ಫೆಬ್ರವರಿಯಲ್ಲಿ, ಇಪ್ಪತ್ತೆರಡು ತುಂಬುವ ಮುಂಚೆಯೇ ಪುಣೆಯಲ್ಲಿ ತೀರಿಕೊಂಡರು.

ಕಲ್ಯಾಣದ ಮನೆತನದ ಅವರು ನ್ಯೂಜೆರ್ಸಿಗೆ ಹೋದರು, ನಮ್ಮ ಹುಡುಗಿ ನ್ಯೂಜೆರ್ಸಿಯಿಂದ ಕಳವಾಕ್ಕೆ ಬಂದಳು. ಇಬ್ಬರನ್ನೂ ಹೋಲಿಸುವ ಉದ್ದೇಶ ನನಗಿಲ್ಲ. ನಾನು ಹೇಳುವುದು ಇಷ್ಟೇ: ಆಗಲೂ ಬಾಗಿಲು ತೆರೆದದ್ದು ಕಾಯುವ ಕೋಣೆಯಲ್ಲಿ ಕೂತಿದ್ದ ಒಬ್ಬ ಹೆಂಗಸು. ಈಗಲೂ ಪಾತ್ರೆ ತೊಳೆಯುತ್ತಿದ್ದ ಒಬ್ಬ ಹೆಂಗಸು.

ಸೋಮವಾರದಿಂದ ಹುಡುಗಿ ಹೋಗತೊಡಗಿದಳು. ವಾರಕ್ಕೆ ನಾಲ್ಕು ದಿನ, ಬೆಳಿಗ್ಗೆ ಒಂಬತ್ತೂವರೆಯಿಂದ ಒಂದರವರೆಗೆ. ಮಳೆಗಾಲದ ಕಳವಾ ನಿಮಗೆ ಗೊತ್ತು. ಪಾರ್ಸಿಕ್ ಗುಡ್ಡದಿಂದ ನೀರು ಇಳಿಯುತ್ತದೆ, ಚಾಳುಗಳ ಮುಂದೆ ನೀರು ನಿಲ್ಲುತ್ತದೆ, ಕ್ಲಿನಿಕ್ಕಿನಲ್ಲಿ ಜ್ವರದವರ ಸಾಲು. ಡೆಂಗ್ಯೂವೋ, ಮಲೇರಿಯಾವೋ, ಟೈಫಾಯ್ಡೋ. ಟಿವಿ ಧಾರಾವಾಹಿಯಲ್ಲಿ ಡಾಕ್ಟರರು ಓಡುತ್ತಲೇ ಇರುತ್ತಾರೆ. ಇಲ್ಲಿ ಮೇಡಂ ಬೆಳಿಗ್ಗೆಯಿಂದ ಒಂದೇ ಕುರ್ಚಿಯಲ್ಲಿ ಕೂತು ಒಂದೇ ಪ್ರಶ್ನೆಯನ್ನು ನಲವತ್ತು ಸಲ ಕೇಳುತ್ತಿದ್ದರಂತೆ. "ಜ್ವರ ಎಷ್ಟು ದಿನದಿಂದ?" ನಲವತ್ತನೇ ಸಲವೂ ಮೊದಲ ಸಲದ ಹಾಗೆಯೇ ಕೇಳುತ್ತಿದ್ದರಂತೆ. "ಚಿಕ್ಕಮ್ಮ, ಅದು ಹೇಗೆ ಸಾಧ್ಯ?" ಎಂದು ನಮ್ಮ ಹುಡುಗಿ ಕೇಳಿದಳು. ನಾನು ಆಫೀಸಿನಲ್ಲಿ ಒಂದೇ ಪ್ರಶ್ನೆಗೆ ಮೂರನೇ ಸಲ ಉತ್ತರ ಕೊಡುವಾಗಲೇ ಸಿಡುಕುವವಳು. ಏನು ಹೇಳಲಿ?

ಅವಳ ನೋಟ್‌ಬುಕ್ಕಿನಲ್ಲಿ ರೋಗಿಗಳ ಹೆಸರಿಲ್ಲ, ಊರಿಲ್ಲ, ಮೇಡಂ ಮಾಡುವ ಕೆಲಸ ಮಾತ್ರ. ಅದನ್ನು ಮೇಡಂ ವಾರಕ್ಕೊಮ್ಮೆ ಓದಿ ಸಹಿ ಹಾಕುತ್ತಿದ್ದರು. ಓದು ಬಾರದವರಿಗೆ ಗುಳಿಗೆಯ ಪೊಟ್ಟಣದ ಮೇಲೆ ಸೂರ್ಯ, ಚಂದ್ರ ಬರೆದು ಕೊಡುವುದು. ಯಾವ ಗುಳಿಗೆ ಯಾವಾಗ ಎಂದು ತಾವು ಹೇಳಿ, ಆಮೇಲೆ ರೋಗಿಯ ಬಾಯಲ್ಲೂ ಹೇಳಿಸುವುದು. ಇಂಜೆಕ್ಷನ್ ಕೊಡಿ, ಸಲೈನ್ ಹಾಕಿ ಎಂದು ಹಟ ಹಿಡಿದವರಿಗೆ ಬೇಡ ಎಂದು ತಿಳಿಸಿ ಹೇಳುವುದು. ಚುಚ್ಚಿ ಕಳಿಸಿದರೆ ಒಂದೇ ನಿಮಿಷ, ಬೇಡ ಎಂದು ತಿಳಿಸಲು ಐದು ನಿಮಿಷ. ಎರಡು ವಾರ ದಾಟಿದ ಕೆಮ್ಮಾದರೆ ಬಿಡದೆ ಕಫದ ಪರೀಕ್ಷೆಗೆ ಕಳಿಸುವುದು. ಆನಂದಿಬಾಯಿಯವರನ್ನು ಬಲಿ ತೆಗೆದುಕೊಂಡ ಕ್ಷಯಕ್ಕೆ ಇಂದು ಸರ್ಕಾರದಿಂದ ಮದ್ದು ಉಚಿತ. 2012ರಿಂದ ಖಾಸಗಿ ಡಾಕ್ಟರೂ ಪ್ರತಿ ಕ್ಷಯ ರೋಗಿಯ ವಿವರವನ್ನು ಸರ್ಕಾರಕ್ಕೆ ತಿಳಿಸಲೇಬೇಕು. ಈ ಸಂಗತಿ ನನಗೂ ಅವಳ ನೋಟ್‌ಬುಕ್ಕಿನಿಂದಲೇ ಗೊತ್ತಾಯಿತು.

ಇನ್ನು ನನ್ನ ತಪ್ಪಿನ ಕಥೆ. ಇದನ್ನು ಹೇಳುವ ಮೊದಲು, ಇದರಲ್ಲಿ ಬರುವ ಮಹಿಳೆಯ ಅನುಮತಿ ಕೇಳಿಕೊಂಡಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಾಯಿಸಿದ್ದೇನೆ. ಯಾರಿರಬಹುದು ಎಂದು ದಯವಿಟ್ಟು ಊಹೆ ಮಾಡಬೇಡಿ.

ದಿನಾ ಸಂಜೆ ನಾನು ಆಫೀಸಿನಿಂದ ಬಂದ ಮೇಲೆ ಹುಡುಗಿಯನ್ನು ಕೇಳುತ್ತಿದ್ದೆ, ಇವತ್ತು ಏನು ನೋಡಿದೆ ಎಂದು. ಅವಳು ನೋಟ್‌ಬುಕ್ಕಿನಲ್ಲಿ ಇದ್ದಷ್ಟೇ ಹೇಳುತ್ತಿದ್ದಳು. ಎರಡನೇ ವಾರದ ಒಂದು ದಿನ, ಚಹಾ ಕುಡಿಯುತ್ತಾ ನಾನೇ ಕೆದಕಿದೆ. "ನಮ್ಮ ಬಿಲ್ಡಿಂಗಿನವರು ಯಾರಾದರೂ ಬರುತ್ತಾರೇನೇ?" ಅವಳು ತಡವರಿಸಿದಳು. ನಾನು ಬಿಡಲಿಲ್ಲ. "ಕೆಳಗಿನ ಮಹಡಿಯ ಆಂಟಿ ಬಂದಿದ್ದರು" ಎಂದಳು. ಅಷ್ಟೇ. ಯಾಕೆ ಬಂದಿದ್ದರು, ಏನು ಕಾಯಿಲೆ, ಒಂದಕ್ಷರ ಹೇಳಲಿಲ್ಲ.

ಆ ಆಂಟಿ ನನಗೆ ಬೇಕಾದವರು. ನನ್ನ ಮಗು ಸಣ್ಣದಿದ್ದಾಗ ಎಷ್ಟೋ ಸಲ ನೋಡಿಕೊಂಡವರು. ಪ್ರೀತಿಯಿಂದಲೇ ಫೋನ್ ಮಾಡಿದೆ. "ಆಂಟಿ, ಡಾಕ್ಟರ ಹತ್ತಿರ ಹೋಗಿದ್ದಿರಂತೆ, ಹುಷಾರಿದ್ದೀರಾ? ಏನಾದರೂ ಬೇಕಿದ್ದರೆ ಹೇಳಿ" ಎಂದೆ. ಆ ಕಡೆಯಿಂದ ಮಾತಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಇಲ್ಲಮ್ಮ, ಏನೂ ಇಲ್ಲ" ಎಂದು ಫೋನ್ ಇಟ್ಟರು. ಹಿಂದುಗಡೆ ಅವರ ಮನೆಯವರು ಯಾರೋ, "ಯಾವ ಡಾಕ್ಟರ್?" ಎಂದು ಕೇಳಿದ್ದು ನನಗೆ ಕೇಳಿಸಿತು. ಅವರು ಮನೆಯಲ್ಲಿ ಯಾರಿಗೂ ಹೇಳದೆ ಹೋಗಿದ್ದರು.

ಮಾರನೇ ದಿನ ಹುಡುಗಿ ಹನ್ನೊಂದಕ್ಕೇ ಮನೆಗೆ ಬಂದಳು. ಆಂಟಿ ಮೇಡಂ ಹತ್ತಿರ ಹೋಗಿ, ಇನ್ನು ಮೇಲೆ ನಾನು ಬೇರೆ ಕಡೆ ತೋರಿಸಿಕೊಳ್ಳುತ್ತೇನೆ ಎಂದು ಹೇಳಿ ಬಂದಿದ್ದರಂತೆ. ಮೇಡಂ ಬೈಯಲಿಲ್ಲವಂತೆ. ಖಾನೆಯಿಂದ ಮೊಬೈಲ್ ತೆಗೆದು ಅವಳ ಕೈಗೆ ಕೊಟ್ಟು, "ಮನೆಗೆ ಹೋಗು" ಎಂದರಂತೆ.

ಒಂದೂವರೆಗೆ ನಾನು ಓಡಿದೆ. ಡಬ್ಬಿ ಬಿಚ್ಚಿರಲಿಲ್ಲ. "ಮೇಡಂ, ಅವಳಿನ್ನೂ ಮಗು. ಒಂದು ಹೆಸರು ಬಾಯಿತಪ್ಪಿ ಬಂತು. ಹತ್ತೊಂಬತ್ತು ವರ್ಷ ಅವಳಿಗೆ" ಎಂದೆ.

"ಅವಳಿಗೆ ಹತ್ತೊಂಬತ್ತು. ನಿಮಗೆ?" ಎಂದರು.

ನಾನು ಏನು ಕೆಲಸ ಮಾಡುತ್ತೇನೆ ಹೇಳಲೇ? ಬ್ಯಾಂಕುಗಳ ಸಾಫ್ಟ್‌ವೇರಿನಲ್ಲಿ ಗ್ರಾಹಕರ ಮಾಹಿತಿ ಕಾಯುವ ತಂಡದಲ್ಲಿದ್ದೇನೆ. ಟೆಸ್ಟಿಂಗ್ ಮಾಡುವವರಿಗೆ ಗ್ರಾಹಕರ ಹೆಸರು ಕಾಣಬಾರದು ಎಂದು ಹೆಸರಿನ ಜಾಗದಲ್ಲಿ ನಕ್ಷತ್ರದ ಗುರುತು ಬರುವ ಹಾಗೆ ಮಾಡುವುದೇ ನನ್ನ ಕೆಲಸ. ವರ್ಷಕ್ಕೊಮ್ಮೆ ಗೋಪ್ಯತೆಯ ಪರೀಕ್ಷೆ ಬರೆದು ನೂರಕ್ಕೆ ನೂರು ತೆಗೆಯುವವಳು. ಅಂಥವಳು ಮನೆಯಲ್ಲಿ ಒಂದು ಕಪ್ ಚಹಾದ ಜೊತೆ ಇನ್ನೊಬ್ಬ ಹೆಂಗಸಿನ ಗುಟ್ಟು ಬಯಲು ಮಾಡಿದ್ದೆ. ಕಾಯಿಲೆ ಏನೆಂದು ಹೇಳಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಳ್ಳುವಂತಿಲ್ಲ. ಡಾಕ್ಟರ ಹತ್ತಿರ ಹೋಗಿದ್ದರು ಎನ್ನುವುದೇ ಗುಟ್ಟಾಗಿರಬಹುದು. ನಮ್ಮ ದೇಶದಲ್ಲೂ ಡಾಕ್ಟರರ ನಡತೆಗೆ 2002ರ ಲಿಖಿತ ನಿಯಮಾವಳಿ ಇದೆ, ರೋಗಿಯ ಗುಟ್ಟು ಕಾಯಬೇಕು ಎಂದು ಅದರಲ್ಲಿದೆ. ಆದರೆ ಡಾಕ್ಟರ ಪಕ್ಕ ಕೂತ ಹುಡುಗಿಯ ಚಿಕ್ಕಮ್ಮನಿಗೆ ಯಾವ ನಿಯಮಾವಳಿ?

ಮೇಡಂ ಅಂದು ಹೇಳಿದ ಮಾತು ನನಗೆ ಹೆಚ್ಚು ತಾಗಿತು. "ನನ್ನ ಹತ್ತಿರ ಬರುವ ಹೆಂಗಸರಲ್ಲಿ ಎಷ್ಟೋ ಮಂದಿಗೆ ಔಷಧಿಗಿಂತ ಮುಖ್ಯ, ಈ ಪರದೆ. ಮನೆಯಲ್ಲಿ ಅವರಿಗೆ ಒಂದು ಬಾಗಿಲು ಹಾಕಿಕೊಳ್ಳುವ ಕೋಣೆ ಇಲ್ಲ. ಈ ಪರದೆ ತೂತಾದರೆ ಅವರು ಇನ್ನೊಬ್ಬ ಡಾಕ್ಟರ ಹತ್ತಿರ ಹೋಗುವುದಿಲ್ಲ. ಸುಮ್ಮನೆ ಮನೆಯಲ್ಲಿ ಕೂರುತ್ತಾರೆ."

ನಾವಿಬ್ಬರೂ ಆಂಟಿಯ ಹತ್ತಿರ ಹೋಗಿ ಕ್ಷಮೆ ಕೇಳಿದೆವು. ಅವರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು, ಒಳಗೆ ಕರೆಯಲಿಲ್ಲ. ಅದೂ ಸರಿಯೇ. ಹುಡುಗಿ ಅವರಿಗೆ ಒಂದೇ ಮಾತು ಹೇಳಿದಳು. "ಆಂಟಿ, ನನ್ನಿಂದಾಗಿ ನೀವು ಮೇಡಂ ಹತ್ತಿರ ಹೋಗುವುದನ್ನು ಬಿಡಬೇಡಿ. ನಾನು ಹೋಗುವುದನ್ನು ಬಿಡುತ್ತೇನೆ." ಹತ್ತು ದಿನ ಅವಳು ಮನೆಯಲ್ಲೇ ಇದ್ದಳು. ಅಕ್ಕನಿಗೆ ಫೋನಿನಲ್ಲಿ ನಿಜ ಹೇಳಿದಳು, ನನ್ನ ಮೇಲೆ ದೂರು ಹೇಳಲಿಲ್ಲ. ಆ ಹತ್ತು ದಿನ ನನಗೆ ಅವಳ ಮುಖ ನೋಡಲು ಕಷ್ಟವಾಗುತ್ತಿತ್ತು. ಹನ್ನೊಂದನೇ ದಿನ ಕ್ಲಿನಿಕ್ಕಿನಿಂದ ಕಾಂಪೌಂಡರ್ ಫೋನ್ ಮಾಡಿ, ನಾಳೆಯಿಂದ ಬರಲು ಹೇಳಿದ್ದಾರೆ ಎಂದ. ಆಂಟಿಯೇ ಮೇಡಂ ಹತ್ತಿರ ಹೋಗಿ, ಹುಡುಗಿಯದು ತಪ್ಪಿಲ್ಲ ಎಂದಿದ್ದರಂತೆ. ತಪ್ಪು ಯಾರದು ಎಂದೂ ಹೇಳಿರಬೇಕು! ಆಂಟಿಯ ತೊಂದರೆ ಏನಿತ್ತು ಎಂದು ಇಂದಿಗೂ ನನಗೆ ಗೊತ್ತಿಲ್ಲ. ಈಗ ಮೊದಲಿನ ಹಾಗೆ ಮಾತಾಡುತ್ತಾರೆ, ನನಗೆ ಅಷ್ಟು ಸಾಕು.

ಮರಳಿ ಹೋದ ಮೇಲೆ ನಡೆದ ಒಂದು ಘಟನೆಯನ್ನು ಮೇಡಂ ಅವರೇ ನನಗೆ ಹೇಳಿದರು, ಯಾರು ಎಂಬುದನ್ನು ಬಿಟ್ಟು. ನಮ್ಮ ಠಾಣೆ ಜಿಲ್ಲೆಯ ಕಟ್ಟಡದ ಕೆಲಸಗಳಿಗೆ ಉತ್ತರ ಕರ್ನಾಟಕದಿಂದ ಎಷ್ಟೋ ಕುಟುಂಬಗಳು ಬರುತ್ತವೆ. ನಮ್ಮ ಸಂಘದ ಕಾರ್ಯಕ್ರಮಗಳಿಗೆ ಅವರು ಬರುವುದು ಕಡಿಮೆ, ನಾವು ಕರೆಯುವುದೂ ಕಡಿಮೆ. ಅಂಥ ಒಬ್ಬ ಹೆಂಗಸು ಬಂದಿದ್ದಳು. ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಮೇಡಂ ಕೇಳಿದ್ದಕ್ಕೆಲ್ಲ ಗಂಡನೇ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದ. ಮೇಡಂ ಏನೋ ನೆಪ ಹೇಳಿ ಅವನನ್ನು ಹೊರಗೆ ಕಳಿಸಿ, ಆ ಹೆಂಗಸಿನ ಒಪ್ಪಿಗೆ ಕೇಳಿ, ನಮ್ಮ ಹುಡುಗಿಯನ್ನು ಕರೆದರು. "ಇವಳ ಮಾತನ್ನು ನನಗೆ ಹೇಳು. ಸೇರಿಸಬೇಡ, ಬಿಡಬೇಡ."

ಅಕ್ಕ ಮನೆಯಲ್ಲಿ ಕನ್ನಡ ಉಳಿಸಿದ್ದಾಳೆ. ಆದರೆ ನಮ್ಮದು ಕುಂದಾಪುರದ ಕಡೆಯ ಮನೆ, ಆ ಹೆಂಗಸಿನ ಮಾತು ಬಯಲುಸೀಮೆಯದು. ಹುಡುಗಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ತಿಳಿಯದ ಕಡೆ ಅಂದಾಜು ಹೇಳಿಬಿಡಬಹುದಿತ್ತು, ಯಾರಿಗೆ ಗೊತ್ತಾಗುತ್ತಿತ್ತು? ಅವಳು, "ಮೇಡಂ, ಈ ಶಬ್ದ ನನಗೆ ಗೊತ್ತಿಲ್ಲ" ಎಂದು ಹೇಳಿ, ಆ ಹೆಂಗಸಿಗೆ, "ಅಕ್ಕಾ, ಎಲ್ಲಿ ಅಂತ ಕೈಯಿಟ್ಟು ತೋರಿಸಿ" ಎಂದಳಂತೆ. ಆ ಹೆಂಗಸು ತೋರಿಸಿದಳು. ಅದುವರೆಗೆ ಗಂಡ ಹೇಳಿದ್ದೇ ಬೇರೆ ಜಾಗ. ಮೇಡಂ ಅಂದೇ ಅವಳನ್ನು ದೊಡ್ಡಾಸ್ಪತ್ರೆಗೆ ಚೀಟಿ ಬರೆದು ಕಳಿಸಿದರು. "ಗೊತ್ತಿಲ್ಲ ಎಂದಳಲ್ಲ ನಿಮ್ಮ ಹುಡುಗಿ, ನಮ್ಮ ಕೆಲಸದ ಮೊದಲ ಪಾಠ ಅದೇ. ಅದನ್ನು ಕಲಿಯದೆ ಡಿಗ್ರಿ ಪಡೆದವರನ್ನು ನಾನು ಕಂಡಿದ್ದೇನೆ" ಎಂದರು ಮೇಡಂ.

ಆ ಸಂಜೆ ನನಗೆ ಇದು ಯಾವುದೂ ಗೊತ್ತಿರಲಿಲ್ಲ. ಹುಡುಗಿ ಬಂದು ಕೇಳಿದ್ದು ಇಷ್ಟೇ. "ಚಿಕ್ಕಮ್ಮ, ಬ್ಯಾನಿ ಅಂದರೆ ಏನು?"

ನನ್ನ ಹಾಸ್ಟೆಲಿನ ರೂಂಮೇಟ್ ಧಾರವಾಡದ ಕಡೆಯವಳು, ಹಾಗಾಗಿ ನನಗೆ ಗೊತ್ತಿತ್ತು. "ಬೇನೆ. ನೋವು" ಎಂದೆ. ಯಾರು ಹೇಳಿದರು, ಯಾಕೆ ಹೇಳಿದರು ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಎದ್ದು ಚಹಾಕ್ಕೆ ನೀರಿಟ್ಟೆ. ಅಕ್ಕ ತಂಗಿಯರೇ, ನನ್ನ ಗೋಪ್ಯತೆಯ ಪರೀಕ್ಷೆಗಳಲ್ಲಿ ನಾನು ನಿಜವಾಗಿ ಪಾಸಾದದ್ದು ಅದೊಂದೇ.

ಆಗಸ್ಟಿನಲ್ಲಿ ಹುಡುಗಿ ಹೊರಟಳು. ಮೇಡಂ ಲೆಟರ್‌ಹೆಡ್ಡಿನಲ್ಲಿ ಕೈಬರಹದಲ್ಲಿ ಮೂರೇ ವಾಕ್ಯ ಬರೆದು ಕೊಟ್ಟರು. ಇಷ್ಟು ಗಂಟೆ ಕೂತಿದ್ದಾಳೆ. ಒಂದು ತಪ್ಪು ಮಾಡಿದಳು, ಅದನ್ನು ಅಡಗಿಸಲಿಲ್ಲ. ಗೊತ್ತಿಲ್ಲದಾಗ ಗೊತ್ತಿಲ್ಲ ಎನ್ನುತ್ತಾಳೆ. ತಪ್ಪಿನ ವಿಷಯ ಬರೆದದ್ದು ಅರ್ಜಿಗೆ ತೊಡಕಾದೀತು ಎಂದು ನಾನು ಹೆದರಿದೆ. ಹುಡುಗಿ, "ಇರಲಿ ಚಿಕ್ಕಮ್ಮ, ಇದು ನಿಜ" ಎಂದು ಪತ್ರವನ್ನು ಫೈಲಿನಲ್ಲಿ ಇಟ್ಟುಕೊಂಡಳು. ಅವಳಿಗೆ ಸೀಟು ಸಿಗುತ್ತದೋ ಇಲ್ಲವೋ ಮುಂದಿನ ಮಾತು, ಇನ್ನೂ ಅರ್ಜಿ ಹಾಕುವ ಕಾಲ ಬಂದಿಲ್ಲ. ಆದರೆ ತಾನು ಏನಾಗಲು ಹೊರಟಿದ್ದೇನೆ ಎಂಬುದು ಅವಳಿಗೆ ಗೊತ್ತಾಗಿದೆ.

ನನ್ನ ಬಗ್ಗೆಯೂ ಒಂದು ಮಾತು. ಪಿಯುಸಿಯಲ್ಲಿ ನನಗೂ ಡಾಕ್ಟರಾಗುವ ಆಸೆ ಇತ್ತು. ಸಿಇಟಿ ರ‍್ಯಾಂಕ್ ನೋಡಿ ಮನೆಯವರು ಇಂಜಿನಿಯರಿಂಗ್ ಎಂದರು, ಸೇರಿದೆ. ಇವತ್ತು ಬೇಸರವಿಲ್ಲ. ಆದರೆ ಆ ಕೆಲಸ ನನಗೆ ಆಗುತ್ತಿತ್ತೋ ಇಲ್ಲವೋ ಎಂದು ತಿಳಿದು ಬಿಟ್ಟವಳಲ್ಲ ನಾನು. ನಮ್ಮ ಅಜ್ಜನ ಕಾಲದಲ್ಲಿ ಪಂಡಿತರ ಜಗಲಿಯಲ್ಲಿ ಬೇರು ಅರೆಯುತ್ತಾ ಕೂತ ಹುಡುಗರಿಗೆ ಆ ಕೆಲಸ ತಮಗೆ ಒಗ್ಗುತ್ತದೋ ಇಲ್ಲವೋ ಎಂದಾದರೂ ತಿಳಿಯುತ್ತಿತ್ತು. ಇವತ್ತು 20 ಲಕ್ಷಕ್ಕೂ ಹೆಚ್ಚು ಮಕ್ಕಳು ನೀಟ್ ಬರೆಯುತ್ತಾರೆ. ಅವರಲ್ಲಿ ಎಷ್ಟು ಮಂದಿ ಒಂದು ಬೆಳಿಗ್ಗೆಯಾದರೂ ಡಾಕ್ಟರ ಮೇಜಿನ ಆ ಕಡೆ ಕೂತಿದ್ದಾರೆ? ಸೀಟು ಸಿಕ್ಕಿದ ಮೇಲೆ ಪರವಾಗಿಲ್ಲ. 2019ರಿಂದ ಎಂಬಿಬಿಎಸ್ ಮೊದಲ ವರ್ಷದಲ್ಲೇ ರೋಗಿಗಳ ಹತ್ತಿರ ಕರೆದೊಯ್ಯುವ ಪಾಠಕ್ರಮ ಬಂದಿದೆ. ಆದರೆ ಕೋಚಿಂಗಿಗೆ ಲಕ್ಷ ಲಕ್ಷ ಸುರಿಯುವುದು ಅದಕ್ಕಿಂತ ಮೊದಲಲ್ಲವೇ? ಅದಕ್ಕೆ ಮುಂಚೆ ಮೂರು ದಿನ ಒಂದು ಕ್ಲಿನಿಕ್ಕಿನಲ್ಲಿ ಕೂತು ಬಂದರೆ, ಕೆಲವರು ಇನ್ನಷ್ಟು ಗಟ್ಟಿಯಾಗುತ್ತಾರೆ, ಕೆಲವರು ಇದು ನನಗಲ್ಲ ಎಂದು ಮರಳುತ್ತಾರೆ. ಎರಡೂ ಲಾಭವೇ.

ನಿಮ್ಮ ಮನೆಯ ಮಕ್ಕಳಿಗೆ ಇದು ಬೇಕಿದ್ದರೆ, ನಾನು ಎಡವಿ ಕಲಿತದ್ದನ್ನು ಹೇಳುತ್ತೇನೆ. ದೊಡ್ಡ ಆಸ್ಪತ್ರೆಯಿಂದ ಶುರು ಮಾಡಬೇಡಿ, ನಿಮ್ಮ ಕುಟುಂಬದ ಡಾಕ್ಟರಿಂದ ಶುರು ಮಾಡಿ. ಇಮೇಲ್ ಬೇಡ, ಅವರಿಗೆ ಬಿಡುವಿರುವ ಹೊತ್ತಿಗೆ ಖುದ್ದಾಗಿ ಹೋಗಿ. ಆ ಹೊತ್ತು ಯಾವುದು ಎಂದು ಕಾಂಪೌಂಡರನ್ನು ಕೇಳಿ. ಮಾತಾಡಲು ಮಗುವನ್ನು ಬಿಡಿ, ನೀವು ಸುಮ್ಮನಿರಿ. ಎಷ್ಟು ದಿನ, ಎಷ್ಟು ಗಂಟೆ ಎಂದು ಮೊದಲೇ ಹೇಳಿ. ಮೂರು ದಿನ ಎಂದು ಕೇಳಿದರೆ ಒಪ್ಪುವವರು, "ರಜೆಯಿಡೀ" ಎಂದರೆ ಹಿಂಜರಿಯುತ್ತಾರೆ. ಕಾಲೇಜಿನ ಪತ್ರ, ಲಸಿಕೆಯ ಕಾಗದ ಜೊತೆಗಿರಲಿ. ಡಾಕ್ಟರು ಇಲ್ಲ ಎಂದರೆ ಕೋಪ ಬೇಡ, ಅವರು ರೋಗಿಗಳನ್ನು ಕಾಯುತ್ತಿದ್ದಾರೆ ಎಂದು ತಿಳಿಯಿರಿ. ಮಗು ಮನೆಗೆ ಬಂದ ಮೇಲೆ, "ಇವತ್ತು ಏನು ಕಲಿತೆ?" ಎಂದು ಕೇಳಿ. "ಇವತ್ತು ಯಾರು ಬಂದಿದ್ದರು?" ಎಂದು ಮಾತ್ರ ಎಂದಿಗೂ ಕೇಳಬೇಡಿ.

ಕೊನೆಯದಾಗಿ ಮಹಿಳಾ ವಿಭಾಗಕ್ಕೆ ಎರಡು ಕೋರಿಕೆ. ನಮ್ಮ ಸಂಘದಲ್ಲೇ ಡಾಕ್ಟರರಿದ್ದಾರೆ. ವರ್ಷಕ್ಕೆ ಒಬ್ಬ ವಿದ್ಯಾರ್ಥಿನಿಯನ್ನು ಮೂರು ದಿನ ಪಕ್ಕದಲ್ಲಿ ಕೂರಿಸಿಕೊಳ್ಳಲು ಒಪ್ಪುವವರ ಒಂದು ಪಟ್ಟಿ ಮಾಡೋಣ. ಅಪ್ಪ ಅಮ್ಮ ಡಾಕ್ಟರಲ್ಲದ ಮನೆಯ ಹುಡುಗಿಗೂ, ಚಾಳಿನ ಹುಡುಗಿಗೂ ಆ ಪಟ್ಟಿ ಸಿಗಲಿ. ಒಂದು ಪುಟದ ಒಪ್ಪಂದ ನಾನು ಬರೆದು ಕೊಡುತ್ತೇನೆ, ಅದಕ್ಕೆ ವಿದ್ಯಾರ್ಥಿನಿಯ ಜೊತೆ ಮನೆಯವರೂ ಸಹಿ ಹಾಕಬೇಕು. ಯಾಕೆ ಎಂದು ಈಗ ನಿಮಗೆ ಗೊತ್ತಿದೆ.

ಎರಡನೆಯದು, ಬಿಡುವಿರುವ ಹಿರಿಯ ಮಹಿಳೆಯರು ಮೂರು ನಾಲ್ಕು ಮಂದಿ ಸಿಕ್ಕಿದರೆ, ಕನ್ನಡ ಮಾತ್ರ ಬರುವ ಹೆಂಗಸರಿಗೆ ಡಾಕ್ಟರ ಹತ್ತಿರ ಮಾತು ಮುಟ್ಟಿಸುವ ಕೆಲಸ ಮಾಡಬಹುದು. ಡಾಕ್ಟರು ಕರೆದಾಗ, ರೋಗಿ ಒಪ್ಪಿದಾಗ ಮಾತ್ರ. ಸೇರಿಸದೆ, ಬಿಡದೆ. ನಮ್ಮ ಮೇಡಂ ಒಪ್ಪಿದ್ದಾರೆ. ಸಂದರ್ಶನಕ್ಕೆ ಒಂದೂವರೆಗೆ ಬರಬೇಕಂತೆ. ಅವರು ಕೇಳುವ ಪ್ರಶ್ನೆ ಯಾವುದೆಂದು ನಿಮಗೆ ಈಗಾಗಲೇ ಗೊತ್ತು. ಉತ್ತರ ಯೋಚಿಸಿಕೊಂಡು ಬನ್ನಿ.